ಅಣ್ಣ ಅಡಿಕೆ ಮರದಿಂದ ಬಿದ್ದು ನಾಲ್ಕು ತಿಂಗಳಾಯಿತು. ಬೆನ್ನುಹುರಿಯ ನರ ಮತ್ತೆ ಬೆಳೆಯುತ್ತಾ?

ಮಲ್ಲಿಗೆ_ಶಿರಸಿ
ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆಯ್ತು ಅನ್ನಿಸಿದರೆ ಕ್ಷಮಿಸಿ.

ನನ್ನ ಅಣ್ಣನಿಗೆ 34 ವರ್ಷ. ಅಡಿಕೆ ಕೊನೆ ಕೊಯ್ಯುವಾಗ ಒಂದು ಮರದಿಂದ ಪಕ್ಕದ ಮರಕ್ಕೆ ದಾಟಲು ಹೋಗಿ ಕೈ ಜಾರಿತು. ಬಸಿಗಾಲುವೆಯ ಅಂಚಿನ ಮೇಲೆ ಬಿದ್ದ. ಪ್ರಜ್ಞೆ ಇತ್ತು. "ನನ್ನ ಕಾಲು ಎಲ್ಲಿದೆ ನೋಡೇ" ಅಂತ ಕೇಳಿದ. ಕಾಲು ಅವನ ಎದುರಿಗೇ ಇತ್ತು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಎಲ್1, ಅಂದರೆ ಸೊಂಟದ ಮೊದಲ ಬೆನ್ನುಮೂಳೆ, ಪುಡಿಯಾಗಿ ಒಳಗಿನ ಹುರಿಯನ್ನು ಒತ್ತಿದೆ ಅಂದರು. ಮರುದಿನ ಆಪರೇಷನ್ ಆಯ್ತು, ರಾಡು ಸ್ಕ್ರೂ ಹಾಕಿದ್ದಾರೆ. ಈಗ ಮನೆಯಲ್ಲೇ ಇದ್ದಾನೆ. ಮೂತ್ರಕ್ಕೆ ಪೈಪ್ ಇದೆ. ತೊಡೆಯ ಮುಂದುಗಡೆ ಮುಟ್ಟಿದರೆ ಸ್ವಲ್ಪ ಗೊತ್ತಾಗುತ್ತೆ, ಅದಕ್ಕಿಂತ ಕೆಳಗೆ ಏನೂ ಇಲ್ಲ. ಕಾಲು ಪೂರ್ತಿ ಸೋತು ಬಿದ್ದಂತಿದೆ.

ಹೋದ ವಾರ ಯಾರದೋ ಮೂಲಕ ನಂಬರ್ ಸಿಕ್ಕಿ ಒಬ್ಬರು ಫೋನ್ ಮಾಡಿದ್ದರು. ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್ ಮೂರು ಸಲ ಕೊಟ್ಟರೆ ನರ ಹೊಸದಾಗಿ ಬೆಳೆಯುತ್ತೆ, ಆರು ಲಕ್ಷ ಆಗುತ್ತೆ, ಆರು ತಿಂಗಳೊಳಗೆ ಮಾಡಿಸದಿದ್ದರೆ ಪ್ರಯೋಜನ ಇಲ್ಲ ಅಂದರು. ಅಪ್ಪ ಕೆಳಗಿನ ತೋಟ ಕೊಡಲು ತಯಾರಾಗಿದ್ದಾರೆ. ಅಣ್ಣ ಏನೂ ಮಾತಾಡುತ್ತಿಲ್ಲ. ನರ ನಿಜವಾಗಲೂ ಬೆಳೆಯುತ್ತಾ? ಗೊತ್ತಿದ್ದವರು ಹೇಳಿ.

ಎರಡು_ಗಾಲಿ
ತಂಗಿ, ಮೊದಲು ಒಂದು ಮಾತು. ತೋಟ ಮಾರಬೇಡಿ. ಕಾರಣ ಆಮೇಲೆ ಹೇಳ್ತೇನೆ, ಈಗ ಅಂಗಡಿಯಲ್ಲಿ ಗಿರಾಕಿ ಇದ್ದಾರೆ. ಅಪ್ಪನಿಗೆ "ಒಂದು ತಿಂಗಳು ತಡೀರಿ" ಅಂತ ಮಾತ್ರ ಇವತ್ತೇ ಹೇಳಿ. ಒಂದು ತಿಂಗಳಲ್ಲಿ ಯಾವ ಬಾಗಿಲೂ ಮುಚ್ಚಿಹೋಗಲ್ಲ.

ಫಿಸಿಯೋ_ಹುಬ್ಬಳ್ಳಿ
ಮಲ್ಲಿಗೆ ಅವರೇ, ಡಿಸ್‌ಚಾರ್ಜ್ ಕಾಗದದಲ್ಲಿ "ಎಐಎಸ್" ಅಥವಾ "ಏಷ್ಯಾ" ಅಂತ ಬರೆದು ಪಕ್ಕದಲ್ಲಿ ಒಂದು ಅಕ್ಷರ ಇರುತ್ತೆ, ಎ ಯಿಂದ ಇ ತನಕ. ಅದನ್ನು ನೋಡಿ ಹೇಳಿ. ಬೆನ್ನುಹುರಿ ಪೆಟ್ಟಿನಲ್ಲಿ ಎಮ್‌ಆರ್‌ಐ ಎಷ್ಟು ಮುಖ್ಯವೋ ಆ ಅಕ್ಷರವೂ ಅಷ್ಟೇ ಮುಖ್ಯ. ಹತ್ತಿ ಮತ್ತು ಸೇಫ್ಟಿ ಪಿನ್ ಹಿಡಿದು ಮೈಯೆಲ್ಲ ಪರೀಕ್ಷೆ ಮಾಡಿ ಬರೆಯುವ ಅಕ್ಷರ ಅದು.

ಎ ಅಂದರೆ ಗುದದ್ವಾರದ ಸುತ್ತ ಮತ್ತು ಒಳಗೆ ಸ್ಪರ್ಶವೂ ಇಲ್ಲ, ಬಿಗಿತವೂ ಇಲ್ಲ. ಬಿ ಅಂದರೆ ಅಲ್ಲಿ ಸ್ಪರ್ಶ ಉಂಟು, ಪೆಟ್ಟಿನ ಮಟ್ಟದಿಂದ ತುಂಬ ಕೆಳಗೆ ಚಲನೆ ಇಲ್ಲ. ಸಿ, ಡಿ ಅಂದರೆ ಅಷ್ಟು ಕೆಳಗೂ ಸ್ವಲ್ಪ ಚಲನೆ ಉಂಟು. ಇ ಅಂದರೆ ಪರೀಕ್ಷೆಯಲ್ಲಿ ಎಲ್ಲ ಸರಿ. ಹುರಿಯ ಕಟ್ಟಕಡೆಯ ನರಗಳು ಗುದದ್ವಾರಕ್ಕೆ ಹೋಗೋದು. ಅಲ್ಲಿಯ ಸುದ್ದಿ ಮೇಲೆ ತಲುಪುತ್ತಿದೆ ಅಂದರೆ, ಪೆಟ್ಟು ಬಿದ್ದ ಜಾಗ ದಾಟಿ ಕೆಲವು ಎಳೆಗಳಾದರೂ ಬದುಕಿವೆ ಅಂತ ಅರ್ಥ. ಮುಜುಗರ ಅಂತ ಈ ಪರೀಕ್ಷೆ ಬಿಡಬಾರದು.

ಮಲ್ಲಿಗೆ_ಶಿರಸಿ
ನೋಡಿದೆ ಅಕ್ಕ. "ಎ" ಅಂತಿದೆ. ಬಿದ್ದ ಮೂರನೇ ದಿನದ ತಾರೀಕು ಹಾಕಿದ್ದಾರೆ.

ಫಿಸಿಯೋ_ಹುಬ್ಬಳ್ಳಿ
ಮೂರನೇ ದಿನದ್ದು ಅಂದರೆ ಈಗ ಮತ್ತೆ ಮಾಡಿಸಲೇಬೇಕು. ಪೆಟ್ಟು ಬಿದ್ದ ಹೊಸದರಲ್ಲಿ ಹುರಿ ಸ್ತಬ್ಧವಾಗಿರುತ್ತೆ. ಕೆಲವರಿಗೆ ದಿನಗಳು, ಕೆಲವರಿಗೆ ವಾರಗಳು. ಎ ಅಂತ ಶುರುವಾದವರಲ್ಲಿ ಹೆಚ್ಚಿನವರು ಎ ಯಲ್ಲೇ ಉಳಿಯುತ್ತಾರೆ, ಅದನ್ನು ಮುಚ್ಚಿಡಲ್ಲ. ಆದರೆ ಎಲ್ಲರೂ ಅಲ್ಲ. ತೊಡೆಯ ಮುಂದೆ ಗೊತ್ತಾಗುತ್ತೆ ಅಂದಿರಲ್ಲ, ಅದು ಮೊದಲ ದಿನದಿಂದ ಇತ್ತಾ, ಈಚೆಗೆ ಬಂತಾ?

ಮಲ್ಲಿಗೆ_ಶಿರಸಿ
ಈಚೆಗೆ ಬಂದಿದ್ದು. ಎರಡೂವರೆ ತಿಂಗಳಾದ ಮೇಲೆ. ಅತ್ತಿಗೆ ಒರೆಸುವಾಗ "ಬಟ್ಟೆ ಒದ್ದೆ ಇದೆಯಾ" ಅಂತ ಅವನೇ ಕೇಳಿದ.

ನರತಂತು
ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನರಕೋಶಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ. ನರ ಬೆಳೆಯುತ್ತಾ ಅನ್ನೋ ಪ್ರಶ್ನೆಗೆ ಮಾತ್ರ ಉತ್ತರ ಹೇಳ್ತೇನೆ.

ಕೈಕಾಲಿನ ನರ ಬೆಳೆಯುತ್ತೆ. ಕತ್ತಿ ತಾಗಿ ನರ ಕಡಿದರೆ, ಸರಿಯಾಗಿ ಹೊಲಿದರೆ, ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್‌ನಂತೆ ಮುಂದಕ್ಕೆ ಹೋಗುತ್ತೆ. ಮಿದುಳು ಮತ್ತು ಬೆನ್ನುಹುರಿಯ ನರಗಳು ಹಾಗಲ್ಲ. ಕಡಿದ ತುದಿ ಸ್ವಲ್ಪ ಚಿಗುರಿದಂತೆ ಮಾಡಿ ಅಲ್ಲೇ ನಿಂತುಬಿಡುತ್ತೆ. ಸ್ಪೇನಿನ ವಿಜ್ಞಾನಿ ಕಹಾಲ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಣ್ಣಾರೆ ನೋಡಿದ್ದರು. ದೊಡ್ಡವರ ಮಿದುಳು, ಹುರಿಗಳಲ್ಲಿ ಹೊಸ ಬೆಳವಣಿಗೆ ಇಲ್ಲ ಅಂತ ಬರೆದರು, ಇದನ್ನು ಬದಲಿಸುವುದು ಮುಂದಿನವರ ಕೆಲಸ ಅಂತಲೂ ಬರೆದರು. ಅವರ ಪುಸ್ತಕ ಇಂಗ್ಲಿಷಿಗೆ ಬಂದದ್ದು 1928ರಲ್ಲಿ.

ಐವತ್ತು ವರ್ಷ ಎಲ್ಲರೂ ಅದನ್ನೇ ನಂಬಿದ್ದರು. 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಒಂದು ಪ್ರಯೋಗ ಮಾಡಿದರು. ಇಲಿಯ ಕಾಲಿನ ನರದ ತುಂಡು ತೆಗೆದು, ಮಿದುಳಿನ ಬುಡದಿಂದ ಬೆನ್ನುಹುರಿಗೆ ಸಂಕದ ಹಾಗೆ ಜೋಡಿಸಿದರು. ಬೆಳೆಯಲ್ಲ ಅಂತಿದ್ದ ಅದೇ ನರಗಳು ಆ ಸಂಕದ ಒಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಸಂಕ ಮುಗಿದು ಹುರಿಯ ಒಳಗೆ ಹೋಗುತ್ತಲೇ ಮತ್ತೆ ನಿಂತವು. ಅಂದರೆ ನರಕ್ಕೆ ಬೆಳೆಯುವ ಶಕ್ತಿ ಪೂರ್ತಿ ಹೋಗಿಲ್ಲ. ಸುತ್ತಲಿನ ಜಾಗ ಬಿಡುತ್ತಿಲ್ಲ.

ಆಮೇಲಿನ ಕೆಲಸವೆಲ್ಲ ಈ "ಯಾಕೆ ಬಿಡುತ್ತಿಲ್ಲ" ಅನ್ನೋದರ ಸುತ್ತ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮಾರ್ಟಿನ್ ಶ್ವಾಬ್ ತಂಡ ಹುರಿಯ ಎಳೆಗಳ ಮೇಲಿನ ಕೊಬ್ಬಿನ ಹೊದಿಕೆಯಲ್ಲಿ ನೋಗೋ ಅನ್ನೋ ಪ್ರೋಟೀನ್ ಇದೆ, ಅದೇ ಬೆಳವಣಿಗೆಗೆ ತಡೆ ಒಡ್ಡುತ್ತೆ ಅಂತ ತೋರಿಸಿತು. ಗಾಯದ ಜಾಗದಲ್ಲಿ ಕಟ್ಟುವ ಕಲೆಯಲ್ಲಿ ಸಕ್ಕರೆ ಎಳೆಗಳಿರುವ ಇನ್ನೊಂದು ಜಾತಿಯ ಪ್ರೋಟೀನ್ ತುಂಬಿರುತ್ತೆ. 2002ರಲ್ಲಿ ಲಂಡನ್ನಿನವರು ಅದನ್ನು ಕರಗಿಸುವ ಒಂದು ಕಿಣ್ವವನ್ನು ಇಲಿಗಳಿಗೆ ಕೊಟ್ಟಾಗ ನಡಿಗೆ ಸುಧಾರಿಸಿತು. 2010ರಲ್ಲಿ ಇನ್ನೊಂದು ದಾರಿ ಸಿಕ್ಕಿತು. ನರಕೋಶದ ಒಳಗೇ ಬೆಳವಣಿಗೆಗೆ ಬ್ರೇಕ್ ಹಾಕುವ ಪಿಟೆನ್ ಅನ್ನೋ ಜೀನ್ ತೆಗೆದಾಗ, ಗಾಯ ದಾಟಿ ಎಳೆಗಳು ಹೋದವು. ಇದೂ ಇಲಿಗಳಲ್ಲಿ.

ಮನುಷ್ಯರಲ್ಲಿ? ನೋಗೋ ತಡೆಯುವ ಔಷಧವನ್ನು ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಕುತ್ತಿಗೆಗೆ ಪೆಟ್ಟಾದವರಿಗೆ ಕೊಟ್ಟು ನೋಡಿದರು. 2024ರ ಕೊನೆಯಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಔಷಧ ಪಡೆದವರಿಗೂ ಪಡೆಯದವರಿಗೂ ಖಚಿತ ವ್ಯತ್ಯಾಸ ಕಾಣಲಿಲ್ಲ. ಹುರಿ ಪೂರ್ತಿ ಹೋಗದೆ ಸ್ವಲ್ಪ ಎಳೆ ಉಳಿದಿದ್ದವರಲ್ಲಿ ಲಾಭದ ಸೂಚನೆ ಇತ್ತು. ನಾನು ಆ ಲೇಖನ ಓದಿದ ದಿನ ಬೇಜಾರೂ ಆಯ್ತು, ಖುಷಿಯೂ ಆಯ್ತು.

ಹಾಗಾಗಿ ಉತ್ತರ ಇಷ್ಟು: ಇಲಿಗಳಲ್ಲಿ ಹೌದು. ಮನುಷ್ಯರ ಬೆನ್ನುಹುರಿಯ ನರವನ್ನು ಹೊಸದಾಗಿ ಬೆಳೆಸುತ್ತೆ ಅಂತ ಸಾಬೀತಾಗಿ ಅಂಗಡಿಯಲ್ಲಿ ಸಿಗುವ ಮದ್ದು ಇವತ್ತು ಎಲ್ಲೂ ಇಲ್ಲ.

ಹೊಸಬೆಳಕು
ಸರ್, ಇದು ಪೂರ್ತಿ ಸರಿಯಲ್ಲ ಅನ್ಸುತ್ತೆ. ನೆದರ್‌ಲೆಂಡ್ಸ್‌ನ ಒಬ್ಬರು ಸೈಕಲ್ಲಿನಿಂದ ಬಿದ್ದು 12 ವರ್ಷ ಆದಮೇಲೆ ನಡೆದರಲ್ಲ? ವಿಡಿಯೋ ನಾನೇ ನೋಡಿದ್ದೇನೆ. ಜಪಾನಿನಲ್ಲಿ ಸ್ಟೆಮ್ ಸೆಲ್ ಹಾಕಿ ಒಬ್ಬರು ಎದ್ದು ನಿಂತಿದ್ದಾರೆ. ನೀವೆಲ್ಲ ಸೇರಿ ಆ ಹುಡುಗನ ಆಸೆ ಕಿತ್ತುಕೊಳ್ಳಬೇಡಿ. ನನ್ನ ತಮ್ಮನೂ ಹೀಗೇ ಮಲಗಿದ್ದಾನೆ. ಆಸೆ ಇಲ್ಲದೆ ಒಂದು ದಿನ ಕಳೆಯೋದೂ ಕಷ್ಟ.

ನರತಂತು
ನಿಮ್ಮ ತಮ್ಮನ ವಿಷಯ ಓದಿ ನೋವಾಯ್ತು. ನೀವು ಹೇಳಿದ ಎರಡೂ ನಿಜ, ಸುಳ್ಳಲ್ಲ. ಅದರೊಳಗೆ ಏನಾಗಿದೆ ಅಂತ ಬಿಡಿಸಿ ಹೇಳ್ತೇನೆ.

ನೆದರ್‌ಲೆಂಡ್ಸ್‌ನವರ ಹೆಸರು ಗೆರ್ಟ್ ಯಾನ್ ಓಸ್ಕಾಮ್. 2011ರಲ್ಲಿ ಅಪಘಾತ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೆಗೊಆರ್ ಕೂರ್ಟಿನ್ ಮತ್ತು ಸರ್ಜನ್ ಜೋಸ್ಲಿನ್ ಬ್ಲಾಕ್ ಅವರ ತಂಡ ತಲೆಬುರುಡೆಯಲ್ಲಿ ಒಂದು ಸಾಧನ, ಬೆನ್ನುಹುರಿಯ ಮೇಲೆ ಇನ್ನೊಂದು ಸಾಧನ ಇಟ್ಟಿತು. ನಡೆಯಬೇಕು ಅಂತ ಮಿದುಳು ಅಂದುಕೊಂಡದ್ದನ್ನು ಮೊದಲನೆಯದು ಓದುತ್ತೆ, ಎರಡನೆಯದು ಕೆಳಗಿನ ಹುರಿಗೆ ಕರೆಂಟ್ ಕೊಡುತ್ತೆ. 2023ರಲ್ಲಿ ಪ್ರಕಟವಾಯ್ತು. ಇಲ್ಲಿ ಕಡಿದ ನರ ಬೆಳೆದದ್ದಲ್ಲ, ಗಾಯವನ್ನು ಸುತ್ತುಹಾಕಿ ಸುದ್ದಿ ಆಚೆ ದಾಟಿತು. ತುಂಬ ತರಬೇತಿ ಆದ ಮೇಲೆ ಸಾಧನ ಆಫ್ ಇದ್ದಾಗಲೂ ಊರುಗೋಲು ಹಿಡಿದು ಸ್ವಲ್ಪ ನಡೆದರು. ಅವರ ಹುರಿಯಲ್ಲಿ ಕೆಲವು ಎಳೆಗಳು ಮೊದಲೇ ಉಳಿದಿದ್ದವು, ಅವು ಬಲಗೊಂಡವು ಅಂತ ತಿಳಿಯಬಹುದು.

ಅಮೆರಿಕದ ಲೂಯಿವಿಲ್‌ನಲ್ಲಿ ಇದರ ಮೊದಲ ಹೆಜ್ಜೆ ಪ್ರಕಟವಾದದ್ದು 2011ರಲ್ಲಿ. ರಾಬ್ ಸಮ್ಮರ್ಸ್ ಅನ್ನೋ ಬೇಸ್‌ಬಾಲ್ ಆಟಗಾರ ಕರೆಂಟ್ ಕೊಟ್ಟಾಗ ಎದ್ದು ನಿಂತರು. ಈಗ ಕುತ್ತಿಗೆಯ ಚರ್ಮದ ಮೇಲೇ ಅಂಟಿಸಿ ಕರೆಂಟ್ ಕೊಡುವ ಸಾಧನ ಬಂದಿದೆ. ಕುತ್ತಿಗೆಗೆ ಪೆಟ್ಟಾಗಿ ಕೈ ಸೋತ 60 ಜನರ ಮೇಲೆ ನೋಡಿದಾಗ 72 ಶೇಕಡ ಜನರಿಗೆ ಕೈಯ ಹಿಡಿತ, ಬಲ ಸುಧಾರಿಸಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ, ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದೂ ವ್ಯಾಯಾಮದ ಜೊತೆಗೆ ಮಾತ್ರ. ಕಾಲಿಗಲ್ಲ, ಕೈಗೆ.

ಜಪಾನಿನದು ಟೋಕಿಯೊದ ಕೇಯೋ ವಿಶ್ವವಿದ್ಯಾಲಯದ ಕೆಲಸ. ನಾಲ್ಕೇ ಜನ. ಪೆಟ್ಟಾಗಿ 14ರಿಂದ 28 ದಿನದೊಳಗೆ ಕೋಶ ಹಾಕಿದರು. 2025ರಲ್ಲಿ ತಿಳಿಸಿದಂತೆ ಇಬ್ಬರು ಸುಧಾರಿಸಿದರು, ಅವರಲ್ಲಿ ಒಬ್ಬರು ನಿಲ್ಲುವಷ್ಟು. ಇನ್ನಿಬ್ಬರಿಗೆ ಹೇಳುವಂಥ ಬದಲಾವಣೆ ಇಲ್ಲ. ಅಷ್ಟು ಬೇಗ ಹಾಕಿದಾಗ ತಾನಾಗೇ ಬರುವ ಚೇತರಿಕೆ ಎಷ್ಟು, ಕೋಶದಿಂದ ಬಂದದ್ದು ಎಷ್ಟು ಅಂತ ನಾಲ್ಕು ಜನರಲ್ಲಿ ಬೇರೆ ಮಾಡೋದು ಆಗಲ್ಲ. ಆ ನಾಲ್ವರಿಂದ ಯಾರೂ ದುಡ್ಡು ಇಸಿದುಕೊಂಡಿಲ್ಲ ಅನ್ನೋದನ್ನೂ ಗಮನಿಸಿ.

ಹೊಸಬೆಳಕು
ಕೊನೆಯ ಸಾಲು ನನಗೆ ಹೊಳೆದಿರಲಿಲ್ಲ. ಥ್ಯಾಂಕ್ಸ್.

ಕೊಪ್ಪಳದ_ಅಪ್ಪ
ನಾನು ಹೆಚ್ಚು ಬರೆಯುವವನಲ್ಲ. ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ನನ್ನ ಮಗನಿಗೆ 22ನೇ ವಯಸ್ಸಿನಲ್ಲಿ ಬೈಕ್ ಅಪಘಾತ ಆಗಿ ಎದೆಯ ಕೆಳಗೆ ಸ್ವಾಧೀನ ಹೋಯ್ತು. ಡಿ6, ಅಂದರೆ ಎದೆಯ ಹಿಂದಿನ ಆರನೇ ಬೆನ್ನುಮೂಳೆ ಅಂದರು. ಬೇರೆ ರಾಜ್ಯದ ಒಂದು ದೊಡ್ಡ ಊರಿನಲ್ಲಿ ಇಂಜೆಕ್ಷನ್ ಕೊಡುತ್ತಾರೆ ಅಂತ ಗೊತ್ತಾಗಿ ಎರಡು ಎಕರೆ ಮಾರಿದೆ. ಮೂರು ಸಲ ಕರೆದುಕೊಂಡು ಹೋದೆ. ಪ್ರತಿ ಸಲ ಕೊಟ್ಟ ಮೇಲೆ ಎಂಟು ದಿನ "ಅಪ್ಪಾ, ಕಾಲು ಬೆಚ್ಚಗಾದ ಹಾಗೆ ಅನಿಸ್ತಿದೆ" ಅನ್ನುತ್ತಿದ್ದ. ನಾನು ರಾತ್ರಿಯಿಡೀ ಅವನ ಹೆಬ್ಬೆರಳು ನೋಡುತ್ತಾ ಕೂತಿರುತ್ತಿದ್ದೆ. ಅಲುಗಲಿಲ್ಲ.

ದುಡ್ಡು ಹೋಗಿದ್ದು ಒಂದು ಕಡೆ. ಮೂರನೇ ಸಲ ಕಾರಿನಲ್ಲಿ ಹದಿನಾಲ್ಕು ತಾಸು ಒಂದೇ ಸಮ ಕೂರಿಸಿಕೊಂಡು ಬಂದೆವು. ಬೇಗ ಮನೆ ಸೇರೋಣ ಅಂತ ನಿಲ್ಲಿಸಲಿಲ್ಲ. ಮನೆಗೆ ಬಂದು ಚೊಣ್ಣ ಬಿಚ್ಚಿದರೆ ಕುಂಡಿಯ ಮೂಳೆಯ ಮೇಲೆ ರೂಪಾಯಿಯಷ್ಟು ಕೆಂಪು. ಇಷ್ಟೇನಾ ಅಂದುಕೊಂಡೆವು. ಹತ್ತು ದಿನಕ್ಕೆ ಅದು ಒಳಗೆ ಮೂಳೆ ಮುಟ್ಟಿತು. ಮಾಯಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಬೋರಲು ಮಲಗಿದ್ದ. ಫಿಸಿಯೋ ನಿಂತಿತು, ಮೊಣಕಾಲು ಮಡಿಚಿಕೊಂಡಿತು.

ತಾಯಿ, ನಿಮ್ಮಪ್ಪನಿಗೆ ನನ್ನ ಕಥೆ ಓದಿ ಹೇಳು.

ಮಲ್ಲಿಗೆ_ಶಿರಸಿ
ಓದಿ ಹೇಳಿದೆ ಸರ್. ಅಪ್ಪ ಎದ್ದು ಅಂಗಳಕ್ಕೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು "ಆ ಹುಡುಗ ಈಗ ಹೇಗಿದ್ದಾನೆ ಕೇಳು" ಅಂದರು.

ಕೊಪ್ಪಳದ_ಅಪ್ಪ
ಈಗ ಚೆನ್ನಾಗಿದ್ದಾನೆ. ಗಾಯ ಮಾಯ್ದಿದೆ. ಗಾಲಿಕುರ್ಚಿಯಲ್ಲಿ ಕೂತು ಊರಿನ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಾನೆ.

ನರತಂತು
ಸರ್, ನಿಮಗೆ ನಮಸ್ಕಾರ.

ಮಲ್ಲಿಗೆ ಅವರಿಗೆ ನಿಯಮವನ್ನೂ ಹೇಳಿಬಿಡ್ತೇನೆ. ನಮ್ಮ ದೇಶದಲ್ಲಿ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಐಸಿಎಂಆರ್ 2017ರಲ್ಲಿ ಹೊರಡಿಸಿದ ಸ್ಟೆಮ್ ಸೆಲ್ ಮಾರ್ಗಸೂಚಿ ಇದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ, ನೋಂದಣಿಯಾದ ಟ್ರಯಲ್‌ನಲ್ಲಿ ಮಾತ್ರ ಕೊಡಬೇಕು. ಬೆನ್ನುಹುರಿ ಪೆಟ್ಟೂ ಇದರಲ್ಲೇ ಬಂತು. ಟ್ರಯಲ್ ಅಂದರೆ ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟಿಯಲ್ಲಿ ನಂಬರ್ ಇರಬೇಕು. ಫೋನ್ ಮಾಡಿದವರ ಹತ್ತಿರ ಆ ನಂಬರ್ ಕೇಳಿ. ಟ್ರಯಲ್ ಅಂತಾರೆ, ದುಡ್ಡೂ ಕೇಳ್ತಾರೆ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ದುಡ್ಡು ಹೋದರೆ ಹೋಗಲಿ, ಅಪಾಯ ಏನೂ ಇಲ್ಲವಲ್ಲ ಅಂತ ಕೆಲವರು ಅಂದುಕೊಳ್ತಾರೆ. ಅಪಾಯ ಇದೆ. ಅಮೆರಿಕದ ಒಬ್ಬ ಮಹಿಳೆಗೆ ಪೋರ್ಚುಗಲ್‌ನಲ್ಲಿ ಮೂಗಿನ ಒಳಪದರದ ಕೋಶಗಳನ್ನು ಹುರಿಗೆ ಹಾಕಿದ್ದರು. ಎಂಟು ವರ್ಷದ ನಂತರ ಬೆನ್ನು ನೋವು ಶುರುವಾಗಿ ನೋಡಿದರೆ ಒಳಗೆ ಗಡ್ಡೆ ಬೆಳೆದಿತ್ತು, ಅದರ ತುಂಬ ಸಿಂಬಳದಂಥ ದ್ರವ. 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಕೇಸ್ ಇದು.

ತೋಟದ_ಮನೆ
ನಮ್ಮ ಕಡೆ ಒಬ್ಬರು ನಾಟಿ ವೈದ್ಯರಿದ್ದಾರೆ. ಎಣ್ಣೆ ತಿಕ್ಕಿ ಬಿಸಿ ಶಾಖ ಕೊಟ್ಟರೆ ನರ ಎಚ್ಚರ ಆಗುತ್ತೆ ಅಂತಾರೆ. ನೋಡಬಹುದಾ?

ಫಿಸಿಯೋ_ಹುಬ್ಬಳ್ಳಿ
ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಲಿ, ತೊಂದರೆ ಇಲ್ಲ. ಮೂಳೆ ಉಬ್ಬಿದ ಜಾಗ ಬಿಡಬೇಕು. ಶಾಖ ಮಾತ್ರ ಬೇಡವೇ ಬೇಡ. ಸ್ಪರ್ಶ ಇಲ್ಲದ ಕಾಲಿಗೆ ಸುಟ್ಟರೂ ಗೊತ್ತಾಗಲ್ಲ. ಬಿಸಿನೀರಿನ ಬ್ಯಾಗು, ತೊಡೆ ಮೇಲೆ ಇಟ್ಟುಕೊಂಡ ಸಾರಿನ ಪಾತ್ರೆ, ಬೈಕಿನ ಸೈಲೆನ್ಸರ್, ಬಿಸಿಲಿಗೆ ಕಾದ ಕಲ್ಲುಚಪ್ಪಡಿ, ಎಲ್ಲದರಿಂದಲೂ ಸುಟ್ಟ ಗಾಯ ನಾನು ನೋಡಿದ್ದೇನೆ.

ಎರಡು_ಗಾಲಿ
ತಂಗಿ, ಹೇಳ್ತೇನೆ ಅಂದಿದ್ದೆ. ಈಗ ಅಂಗಡಿ ಮುಚ್ಚಿ ಕೂತಿದ್ದೇನೆ.

ನಾನು ದಾವಣಗೆರೆ. ಸಾರಣೆ ಕೆಲಸ ಮಾಡುವಾಗ ಸಾರುವೆ ಮುರಿದು ಬಿದ್ದೆ. ಡಿ10. ಎ. ಹದಿಮೂರು ವರ್ಷ ಆಯ್ತು. ಮೊದಲ ಎರಡು ವರ್ಷ ನಾನು ಬರೀ ಕಾಯುತ್ತಾ ಮಲಗಿದ್ದೆ. ಎಲ್ಲೋ ಯಾರೋ ಮದ್ದು ಕಂಡುಹಿಡಿಯುತ್ತಾರೆ, ಅವತ್ತು ಎದ್ದು ನಡೀತೇನೆ, ಅಲ್ಲಿ ತನಕ ಗಾಲಿಕುರ್ಚಿ ಮುಟ್ಟಲ್ಲ ಅಂತ. ಆ ಎರಡು ವರ್ಷದಲ್ಲಿ ಪಾದ ಕೆಳಕ್ಕೆ ಬಾಗಿ ಗಟ್ಟಿಯಾಯ್ತು. ಪೈಪ್‌ನಿಂದ ಪದೇ ಪದೇ ಸೋಂಕು ಬಂತು, ಮೂತ್ರಕೋಶದಲ್ಲಿ ಕಲ್ಲು ಕಟ್ಟಿತು.

ಒಂದು ಸಲ ಒಂದು ಟ್ರಯಲ್ ಬಗ್ಗೆ ಓದಿ ಫೋನ್ ಮಾಡಿಸಿದ್ದೆ. ಯಾರನ್ನು ಸೇರಿಸಿಕೊಳ್ಳಲ್ಲ ಅನ್ನೋ ಪಟ್ಟಿ ಓದಿ ಹೇಳಿದರು. ಬೆಡ್ ಸೋರ್ (ಒತ್ತಿ ಒತ್ತಿ ಆದ ಹುಣ್ಣು) ಇದ್ದವರು, ಕೀಲು ಗಟ್ಟಿಯಾದವರು, ಸೋಂಕು ಇದ್ದವರು. ನನ್ನ ಹತ್ತಿರ ಮೂರೂ ಇತ್ತು. ನಾನು ಯಾವುದಕ್ಕೆ ಕಾಯುತ್ತಿದ್ದೆನೋ ಅದಕ್ಕೇ ನನ್ನ ಮೈ ತಯಾರಿರಲಿಲ್ಲ. ಅವತ್ತು ಅತ್ತುಬಿಟ್ಟೆ.

ಆಮೇಲೆ ಬೆಂಗಳೂರಿನ ಎಪಿಡಿ ಸಂಸ್ಥೆ ಬಗ್ಗೆ ಗೊತ್ತಾಯ್ತು. ಬೆನ್ನುಹುರಿ ಪೆಟ್ಟಾದವರಿಗೆ ಅಲ್ಲಿ ತರಬೇತಿ ಇದೆ. ಗಾಲಿಕುರ್ಚಿಯಲ್ಲಿರುವ ಇನ್ನೊಬ್ಬರೇ ಬಂದು ಹೇಗೆ ಏಳೋದು, ಹೇಗೆ ಕೂರೋದು ಅಂತ ಹೇಳಿಕೊಟ್ಟರು. ನಡೆಯುವವರು ಎಷ್ಟೇ ಹೇಳಿದರೂ ತಲೆಗೆ ಹೋಗದೆ ಇದ್ದದ್ದು ಅವತ್ತು ಹೋಯ್ತು. ನಿಮ್ಹಾನ್ಸ್‌ನಲ್ಲೂ ನರರೋಗಿಗಳ ಪುನರ್ವಸತಿಗೆ ಬೇರೆ ವಿಭಾಗ ಇದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪುನರ್ವಸತಿ ವಿಭಾಗ ಕಟ್ಟಿದ ಡಾಕ್ಟರ್ ಮೇರಿ ವರ್ಗೀಸ್ ಅವರೇ 1954ರಲ್ಲಿ ಅಪಘಾತವಾಗಿ ಗಾಲಿಕುರ್ಚಿಗೆ ಬಂದವರು. ಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡುತ್ತಿದ್ದರಂತೆ. ನಿಮ್ಮಣ್ಣನಿಗೆ ಇದನ್ನು ಹೇಳಿ.

ಈಗ ನನ್ನ ದಿನ ಹೇಗೆ ಅಂದರೆ, ಬೆಳಿಗ್ಗೆ ಎದ್ದ ಕೂಡಲೇ ಹಿಡಿಕೆ ಇರುವ ಕನ್ನಡಿ ತಗೊಂಡು ಕುಂಡಿ, ಬೆನ್ನಿನ ಬುಡ, ಹಿಮ್ಮಡಿ, ಗಿಣ್ಣು ಎಲ್ಲ ನೋಡ್ತೇನೆ. ಕೆಂಪಿದ್ದ ಕಡೆ ಬೆರಳಿಂದ ಒತ್ತಿ ಬಿಡ್ತೇನೆ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪು ಹೋಗಲಿಲ್ಲ ಅಂದರೆ ಅವತ್ತು ಆ ಜಾಗದ ಮೇಲೆ ಭಾರ ಹಾಕಲ್ಲ, ಅಂಗಡಿ ಬಂದ್. ಮೂತ್ರಕ್ಕೆ ಕಾಯಂ ಪೈಪ್ ತೆಗೆಸಿ, ನಾಲ್ಕರಿಂದ ಆರು ತಾಸಿಗೊಮ್ಮೆ ನಾನೇ ಸಣ್ಣ ನಳಿಕೆ ಹಾಕಿ ಖಾಲಿ ಮಾಡ್ತೇನೆ. ಕೈ ಸೋಪಿನಲ್ಲಿ ತೊಳೆದುಕೊಂಡರೆ ಸಾಕು. ಸೋಂಕು ಎಷ್ಟೋ ಕಮ್ಮಿಯಾಯ್ತು. ಕುರ್ಚಿಯಲ್ಲಿ ಕೂತಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಬೇಕು. ಮೊಬೈಲ್ ರಿಪೇರಿ ಮಾಡುತ್ತಾ ಮರೆತುಬಿಡ್ತೇನೆ ಅಂತ ಅಲಾರಂ ಇಟ್ಟಿದ್ದೇನೆ.

ನರ ಬೆಳೆಸುವ ಮದ್ದು ಬರಲಿ ಅಂತ ನನಗಿಂತ ಜಾಸ್ತಿ ಯಾರು ಕಾಯ್ತಾರೆ ಹೇಳಿ? ದಿನಾ ಕಾಯ್ತೇನೆ. ಆ ಮದ್ದು ಬಂದ ದಿನ ಮೊದಲು ಕೇಳೋದು ಚರ್ಮ ಹೇಗಿದೆ, ಕೀಲು ಮಡಿಚುತ್ತಾ, ಕಿಡ್ನಿ ಸರಿ ಇದೆಯಾ ಅಂತ. ನನ್ನ ಮೈಯನ್ನು ಆ ದಿನಕ್ಕೆ ಕಾಪಾಡಿ ಇಟ್ಟುಕೊಳ್ಳೋದು ನನ್ನ ಕೆಲಸ. ಆರು ಲಕ್ಷದಲ್ಲಿ ನಿಮ್ಮಣ್ಣನಿಗೆ ಒಳ್ಳೆ ಗಾಲಿಕುರ್ಚಿ, ಒಳ್ಳೆ ಕುಶನ್, ಕಮೋಡ್ ಇರುವ ಬಚ್ಚಲು, ಒಂದು ವರ್ಷದ ಫಿಸಿಯೋ, ಎಲ್ಲ ಆಗಿ ದುಡ್ಡು ಉಳಿಯುತ್ತೆ. ತೋಟವೂ ಉಳಿಯುತ್ತೆ.

ಫಿಸಿಯೋ_ಹುಬ್ಬಳ್ಳಿ
ಎರಡು_ಗಾಲಿ ಸರ್ ಹೇಳಿದ್ದಕ್ಕೆ ಸೇರಿಸ್ತೇನೆ. ಮಲಗಿದಾಗ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಪಾದ 90 ಡಿಗ್ರಿಯಲ್ಲಿ ನಿಲ್ಲುವಂತೆ ದಿಂಬು ಕೊಡಿ, ಹಿಮ್ಮಡಿ ಗಾಳಿಯಲ್ಲಿ ತೇಲುವಂತಿರಲಿ.

ಕೊಪ್ಪಳದ ಹುಡುಗನ ಹಾಗೆ ಡಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ. ಇದ್ದಕ್ಕಿದ್ದ ಹಾಗೆ ತಲೆ ಸಿಡಿಯುವ ನೋವು, ಮುಖ ಕೆಂಪು, ಬೆವರು ಬಂದರೆ ಬಿಪಿ ಏರಿದೆ ಅಂತ ಅರ್ಥ. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಪೈಪ್ ಮಡಿಚಿಕೊಂಡಿದೆಯಾ ನೋಡಿ. ಮೂತ್ರ ತುಂಬಿಕೊಂಡದ್ದೇ ಹೆಚ್ಚಾಗಿ ಕಾರಣ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ, ಪ್ರಾಣಕ್ಕೆ ಅಪಾಯ. ಮಲಗಿಸಬೇಡಿ.

ನರತಂತು
ನಿನ್ನೆ ರಾತ್ರಿ ಮಲಗುವಾಗ ಹೊಳೆಯಿತು. ಮಲ್ಲಿಗೆ ಅವರ ಅಣ್ಣನ ಪೆಟ್ಟು ಎಲ್1ನಲ್ಲಿ. ಬೆನ್ನುಮೂಳೆ ಕೆಳತನಕ ಇದ್ದರೂ ಹುರಿ ಅಲ್ಲಿಯತನಕ ಇಲ್ಲ. ಹೆಚ್ಚಿನವರಲ್ಲಿ ಎಲ್1, ಎಲ್2ರ ಹತ್ತಿರ ಮುಗಿದುಹೋಗುತ್ತೆ. ಅಲ್ಲಿಂದ ಕೆಳಗೆ ಕುದುರೆ ಬಾಲದ ಹಾಗೆ ಬಿಡಿಬಿಡಿ ನರಗಳ ಗೊಂಚಲು ಇಳಿಯುತ್ತೆ. ಆ ನರಗಳು ಕೈಕಾಲಿನ ನರದ ಜಾತಿಯವು. ಅವುಗಳ ಹೊದಿಕೆ ಬೇರೆ, ಬೆಳವಣಿಗೆಗೆ ಬಿಡುವಂಥದ್ದು. ಅದಕ್ಕೇ ಈ ಮಟ್ಟದ ಪೆಟ್ಟಿನಲ್ಲಿ ಒಂದಷ್ಟು ಚೇತರಿಕೆ ತಡವಾಗಿ ಬರಬಹುದು. ಕಾಲು ಬಿಗಿಯದೆ ಸೋತು ಬಿದ್ದಿದೆ ಅಂದರು, ಅದೂ ಈ ಗೊಂಚಲಿಗೆ ಪೆಟ್ಟಾದ ಲಕ್ಷಣ ಇರಬಹುದು. ಪರೀಕ್ಷೆ ಮಾಡಿದ ಡಾಕ್ಟರೇ ಹೇಳಬೇಕು.

ಲೆಕ್ಕವನ್ನೂ ಹೇಳ್ತೇನೆ. ದಿನಕ್ಕೆ 1 ಮಿಲಿಮೀಟರ್ ಅಂದರೆ ತಿಂಗಳಿಗೆ 3 ಸೆಂಟಿಮೀಟರ್. ಸೊಂಟದಿಂದ ತೊಡೆಯ ಸ್ನಾಯುವಿಗೆ ದಾರಿ ಹತ್ತಿರ. ಪಾದಕ್ಕೆ ಹತ್ತಿರಹತ್ತಿರ ಒಂದು ಮೀಟರ್, ಅಂದರೆ ಸಾವಿರ ದಿನ. ಅಷ್ಟರಲ್ಲಿ ಅಲ್ಲಿಯ ಸ್ನಾಯು ಒಣಗಿಹೋಗಿರುತ್ತೆ. ಹಾಗಾಗಿ ತೊಡೆಗೆ ಆಸೆ ಇಟ್ಟುಕೊಳ್ಳಬಹುದು, ಪಾದಕ್ಕೆ ಕಷ್ಟ. ದಯವಿಟ್ಟು ಒಂದು ಸಲ ದೊಡ್ಡ ಕೇಂದ್ರದಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ.

ಮಲ್ಲಿಗೆ_ಶಿರಸಿ
ಎಲ್ಲರಿಗೂ ಕೈ ಮುಗೀತೇನೆ. ಬೆಂಗಳೂರಿಗೆ ಹೋಗ್ತೇವೆ. ದಾರಿಯಲ್ಲಿ ಗಂಟೆಗೊಮ್ಮೆ ನಿಲ್ಲಿಸಿ ಮಗ್ಗುಲು ಬದಲಿಸ್ತೇವೆ.

ಒಂದು ಕೇಳಬೇಕಿತ್ತು. ಬಿದ್ದಾಗ ನಾವು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಓಮ್ನಿಯ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಸೊಂಟ ಮಡಿಚಿಕೊಂಡಿತ್ತು. ಅದರಿಂದ ಹೀಗಾಯ್ತಾ?

ಫಿಸಿಯೋ_ಹುಬ್ಬಳ್ಳಿ
ಎತ್ತುವ ಮೊದಲೇ "ಕಾಲು ಎಲ್ಲಿದೆ" ಅಂತ ಅವರು ಕೇಳಿದ್ದರು ಅಲ್ವಾ? ಪೆಟ್ಟು ಆಗಲೇ ಆಗಿಹೋಗಿತ್ತು. ಇದನ್ನು ಎದೆಯಲ್ಲಿ ಇಟ್ಟುಕೊಂಡು ಕೊರಗಬೇಡಿ ಮಲ್ಲಿಗೆ. ಗೊತ್ತಿದ್ದಷ್ಟು ಮಾಡಿದ್ದೀರಿ.

ತೋಟದ ಕೆಲಸ ಇರುವ ಉಳಿದವರಿಗೆ ಹೇಳ್ತೇನೆ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದರೆ ತಲೆ, ಕುತ್ತಿಗೆ, ಸೊಂಟ ಒಂದೇ ನೇರದಲ್ಲಿ ಇರುವಂತೆ ದಿಮ್ಮಿ ಉರುಳಿಸಿದ ಹಾಗೆ ಎಲ್ಲರೂ ಒಟ್ಟಿಗೆ ಹೊರಳಿಸಿ ಹಲಗೆ ಮೇಲೆ ಹಾಕಿ.

ತೋಟದ_ಮನೆ
ನಾವು ಈ ವರ್ಷ ಮರ ಹತ್ತಿಸೋದು ಬಿಟ್ಟು ಫೈಬರ್ ದೋಟಿ ತಗೊಂಡಿದ್ದೇವೆ. ನೆಲದ ಮೇಲೆ ನಿಂತೇ ಕೊಯ್ಯಬಹುದು. ಕತ್ತು ನೋವು ಬರುತ್ತೆ, ಪ್ರಾಣ ಉಳಿಯುತ್ತೆ.

ಮಲ್ಲಿಗೆ_ಶಿರಸಿ (ಆರು ವಾರದ ನಂತರ)
ತಡವಾಗಿ ಬರೆಯುತ್ತಿದ್ದೇನೆ. ಬೆಂಗಳೂರಿಗೆ ಹೋಗಿ ಬಂದೆವು.

ಪೂರ್ತಿ ಪರೀಕ್ಷೆ ಒಂದು ತಾಸು ಆಯ್ತು. ಅಣ್ಣನಿಗೆ ಕಣ್ಣು ಮುಚ್ಚಲು ಹೇಳಿ, ಒಬ್ಬ ಹುಡುಗಿ ಡಾಕ್ಟರ್ ಹತ್ತಿ, ಪಿನ್ ಹಿಡಿದು ಒಂದೊಂದೇ ಜಾಗ ಮುಟ್ಟಿ "ಚೂಪಾ, ಮೊಂಡಾ?" ಅಂತ ಕೇಳುತ್ತಾ ಹೋದರು. ಮೊಣಕಾಲಿನ ತನಕ ಒಂದಷ್ಟು ಕಡೆ "ಚೂಪು" ಅಂದ. ಕೆಳಗೆ ಇಲ್ಲ. ಗುದದ್ವಾರದ ಹತ್ತಿರ ಒತ್ತಿದ್ದು ಗೊತ್ತಾಯ್ತು ಅಂದ. ಆಮೇಲೆ ಅವರು ಬಲತೊಡೆಯ ಮೇಲೆ ಎರಡು ಬೆರಳು ಇಟ್ಟು ಮೊಣಕಾಲು ನೀಡಲು ಹೇಳಿದರು. ನಮಗೆ ಏನೂ ಕಾಣಲಿಲ್ಲ. "ಇನ್ನೊಮ್ಮೆ" ಅಂದರು. ಅಣ್ಣನ ಹಣೆಯ ನರ ಉಬ್ಬಿತು. ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು. ಚರ್ಮದ ಕೆಳಗೆ ಒಂದು ಸಣ್ಣ ಮಿಡಿತ. ಹಕ್ಕಿ ಮರಿಯನ್ನು ಕೈಯಲ್ಲಿ ಹಿಡಿದರೆ ಮಿಸುಕುತ್ತಲ್ಲ, ಹಾಗೆ.

ಕಾಗದದಲ್ಲಿ "ಬಿ" ಅಂತ ಬರೆದಿದ್ದಾರೆ. ಪಾದಕ್ಕೆ ಆಸೆ ಇಟ್ಟುಕೊಳ್ಳಬೇಡಿ, ತೊಡೆ ಬಲ ಬಂದರೆ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಹಾಕಿ ವಾಕರ್ ಹಿಡಿದು ಮನೆಯೊಳಗೆ ನಿಲ್ಲಬಹುದು, ಹೊರಗೆ ಗಾಲಿಕುರ್ಚಿಯೇ ಅಂದರು. ಕಾಯಂ ಪೈಪ್ ತೆಗೆದರು. ಈಗ ಅವನೇ ನಳಿಕೆ ಹಾಕಿಕೊಳ್ತಾನೆ. ಮೊದಲ ಎರಡು ದಿನ ಬೈದಾಡಿದ, ಮೂರನೇ ದಿನ "ಎಲ್ಲರೂ ಹೊರಗೆ ಹೋಗಿ" ಅಂದ. ಇಂಜೆಕ್ಷನ್‌ನವರಿಗೆ ಸಿಟಿಆರ್‌ಐ ನಂಬರ್ ಕೇಳಿದೆ. ಆಮೇಲೆ ಅವರ ಫೋನ್ ಬಂದಿಲ್ಲ.

ಎರಡು_ಗಾಲಿ ಅಣ್ಣಾ, ನಿಮ್ಮ ಪೋಸ್ಟ್ ಅವನೇ ಓದಿದ. ಕನ್ನಡಿ ತರಲು ಹೇಳಿದ. ಯಾವ ಅಳತೆದು ತರಬೇಕು? ಮತ್ತೆ ನಮ್ಮ ಜಗುಲಿ ನೆಲದಿಂದ ಒಂದೂವರೆ ಅಡಿ ಎತ್ತರ ಇದೆ. ಕುರ್ಚಿ ಹತ್ತಲು ಏನು ಮಾಡೋದು?

ಕೊಪ್ಪಳದ_ಅಪ್ಪ
ಮಗನಿಗೆ ಓದಿ ಹೇಳಿದೆ. ಖುಷಿಪಟ್ಟ.

ಎರಡು_ಗಾಲಿ
ಆ ಮಿಡಿತದ ಸಾಲು ನಾಲ್ಕು ಸಲ ಓದಿದೆ ತಂಗಿ.

ಕನ್ನಡಿ ಅಂಗೈಗಿಂತ ಸ್ವಲ್ಪ ದೊಡ್ಡದು ಸಾಕು, ಹಿಡಿಕೆ ಮಾತ್ರ ಉದ್ದ ಇರಬೇಕು. ಸಿಗದಿದ್ದರೆ ಬೈಕಿನ ಕನ್ನಡಿಯನ್ನು ಕಡ್ಡಿಗೆ ಕಟ್ಟಿ, ನಾನು ಮೊದಲು ಹಾಗೇ ಮಾಡಿಕೊಂಡಿದ್ದೆ. ಒಡೆದ ಅಂಚು ಇರಬಾರದು.

ಜಗುಲಿಗೆ ಇಳಿಜಾರು ಹಾಕಿಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಅಂದರೆ ನಿಮ್ಮದಕ್ಕೆ ಹದಿನೆಂಟು ಅಡಿ. ಅಂಗಳದಲ್ಲಿ ನೇರಕ್ಕೆ ಅಷ್ಟು ಜಾಗ ಇಲ್ಲದಿದ್ದರೆ ಮಧ್ಯೆ ಐದು ಅಡಿ ಚೌಕದ ಸಮತಟ್ಟು ಬಿಟ್ಟು ತಿರುಗಿಸಿ. ಅಗಲ ನಾಲ್ಕು ಅಡಿ ಇರಲಿ. ನಿಮ್ಮ ಕಡೆ ಮಳೆ ಜಾಸ್ತಿ, ಪಾಚಿ ಕಟ್ಟುತ್ತೆ, ಸಿಮೆಂಟ್ ಹಸಿ ಇರುವಾಗಲೇ ಪೊರಕೆ ಎಳೆದು ಗೆರೆ ಹಾಕಿಸಿ, ಗಾಲಿ ಜಾರಲ್ಲ. ಎರಡೂ ಬದಿ ನಾಲ್ಕು ಇಂಚು ಅಂಚು ಕಟ್ಟಿಸಿ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಅಂಗವಿಕಲರ ಕೆಲಸ ನೋಡುವವರು ಒಬ್ಬರು ಇರ್ತಾರೆ, ಅವರನ್ನು ಕಂಡು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಇಳಿಜಾರಿಗೆ ಏನಾದರೂ ಸಹಾಯ ಸಿಗುತ್ತಾ ಅಂತಲೂ ಕೇಳಿ.

ಗಾರೆಯವರು ಬಂದಾಗ ನಿಮ್ಮಣ್ಣನನ್ನು ಜಗುಲಿಯಲ್ಲಿ ಕೂರಿಸಿ. ಅಳತೆ ಅವನೇ ಹೇಳಲಿ. ಏನಾದರೂ ಗೊತ್ತಾಗದಿದ್ದರೆ ಇಲ್ಲೇ ಫೋಟೋ ಹಾಕಿ, ರಾತ್ರಿ ಎಂಟರ ಮೇಲೆ ನಾನು ಇರ್ತೇನೆ.